ನಲವತ್ತನೆಯ ರೊಟ್ಟಿಗೆ ನಿಂತ ಕೈ

ಗೋಕಾಕದ ಕೋರ್ಟಿನ ಹಿಂದಿನ ಗಲ್ಲಿಯಲ್ಲಿ ದುಂಡಪ್ಪನ ಖಾನಾವಳಿ ಇದೆ. ಅಲ್ಲಿ ಊಟಕ್ಕೆ ಕೂತವರಿಗೆ ಒಳಗಿನ ಒಲೆ ಕಾಣುವುದಿಲ್ಲ, ಸಪ್ಪಳ ಮಾತ್ರ ಕೇಳುತ್ತದೆ. ಇಪ್ಪತ್ತೇಳು ವರ್ಷ ಆ ಸಪ್ಪಳ ಕುಲಗೋಡದ ಕಾಶೆವ್ವನದಾಗಿತ್ತು. ಅಂಗೈ ಬಿದ್ದು ಎದ್ದು, ಜೋಳದ ಹಿಟ್ಟಿನ ಮುದ್ದೆ ತಿರುಗುತ್ತ ತಿರುಗುತ್ತ ಹರವಾಗುವ ಸಪ್ಪಳ. ಅದು ಒಂದೇ ಸಮನೆ ಕೇಳುತ್ತಿದ್ದರೆ ಅವಳ ಮನಸ್ಸು ತಂಪಾಗಿದೆ ಎಂದು ಅರ್ಥ. ಬಡಿತ ಬಿರುಸಾದ ದಿನ ಎರಡನೆಯ ಸಲ ಚಟ್ನಿ ಕೇಳುವ ಧೈರ್ಯ ವಕೀಲರಿಗೂ ಇರುತ್ತಿರಲಿಲ್ಲ. ಸಪ್ಪಳ ನಿಂತೇ ಹೋಯಿತೆಂದರೆ ಯಾರಿಗೋ ಬೈಗುಳ ಕಾದಿದೆ ಎಂದು ತಿಳಿದು ಬಡಿಸುವವರು ಬಾಗಿಲಿನಿಂದ ಬಾಜೂ ಸರಿಯುತ್ತಿದ್ದರು.

ಕಾಶೆವ್ವನಿಗೆ ಈಗ ಅರವತ್ಮೂರು. ದುಂಡಪ್ಪನ ಅಪ್ಪ ಅವಳನ್ನು ಕೆಲಸಕ್ಕೆ ಕರೆದಾಗ ದುಂಡಪ್ಪ ಇನ್ನೂ ಮೀಸೆ ಮೂಡದ ಹುಡುಗ. ಅಂದಿನಿಂದ ಬೆಳಗಿನ ಮೊದಲ ಬಸ್ಸಿಗೆ ಕುಲಗೋಡದಿಂದ ಗೋಕಾಕಕ್ಕೆ, ಇಳಿಹೊತ್ತಿನ ಬಸ್ಸಿಗೆ ವಾಪಸ್ಸು. ನಡುವೆ ಮುನ್ನೂರು ರೊಟ್ಟಿ. ಗಂಡ ತೀರಿಕೊಂಡಾಗ ಹದಿಮೂರು ದಿನ ಬಿಟ್ಟಿದ್ದಳು, ಮಗನ ಮದುವೆಗೆ ಮೂರು ದಿನ. ಸೊಸೆ ಮಾಲಾ ಬಂದ ಮೇಲೆ ಅದೂ ಇಲ್ಲ. ಹಬ್ಬದ ದಿನ ಮನೆಯಲ್ಲಿ ಕೂತರೆ ಕೈ ತುರಿಸುತ್ತದೆ ಎಂದು ನೆರೆಮನೆಗೆ ಹೋಗಿ ಅವರ ರೊಟ್ಟಿಯನ್ನೂ ಬಡಿದು ಬರುತ್ತಿದ್ದಳು. ಕೆಲಸಕ್ಕೆ ಬಗ್ಗದ ಮೈ ಕೆಡುತ್ತದೆ ಎಂಬುದು ಅವಳು ಯಾರಿಂದಲೂ ಕಲಿಯದೆ ತಿಳಿದುಕೊಂಡ ಶಾಸ್ತ್ರ. ಅದರಲ್ಲಿ ಅರ್ಧ ಖರೆ ಇತ್ತು. ಉಳಿದರ್ಧವೇ ಅವಳನ್ನು ಹಣ್ಣು ಮಾಡಿದ್ದು.

ಅವಳು ಬಿದ್ದದ್ದು ವಯಸ್ಸಿನಿಂದಲ್ಲ. ಈ ಮಾತನ್ನು ಅವಳು ಇಂದಿಗೂ ಒತ್ತಿ ಹೇಳುತ್ತಾಳೆ. ಯುಗಾದಿ ಕಳೆದ ವಾರ ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ, ಬಸ್ಸು ತಡವಾದ ಬಗ್ಗೆ ಕಂಡಕ್ಟರನಿಗೆ ನಾಲ್ಕು ಮಾತು ಹೇಳಬೇಕೆಂದು ಹಿಂದಕ್ಕೆ ತಿರುಗಿದಳು. ಎರಡು ಹೇಳಿದ್ದಳು. ಇನ್ನೆರಡು ಬಾಕಿ ಇರುವಾಗಲೇ ಮೆಟ್ಟಿಲು ಮುಗಿದುಹೋಯಿತು. ಬಲ ಅಂಗೈ ಊರಿ ಬಿದ್ದಳು. ಎದ್ದು ನೋಡಿದರೆ ಮಣಿಕಟ್ಟು ಸಾರಿನ ಸೌಟಿನಂತೆ ಬಾಗಿತ್ತು. ಆ ಕೈಯನ್ನು ಸೆರಗಿನಲ್ಲಿ ಹಿಡಿದುಕೊಂಡೇ ಖಾನಾವಳಿಗೆ ನಡೆದು, ಹಂಚಿನ ಕೆಳಗಿನ ಉರಿ ತಗ್ಗಿಸಲು ಹೇಳಿ, ಆಮೇಲೆಯೇ ಕುಸಿದು ಕೂತಳು.

ದವಾಖಾನೆಯಲ್ಲಿ ಎಲುಬು ಎಳೆದು ಕೂಡಿಸಿ ಪ್ಲಾಸ್ಟರ್ ಹಾಕಿದರು. ಆರು ವಾರ ಬಿಚ್ಚುವ ಹಾಗಿಲ್ಲ, ಆದರೆ ಬೆರಳನ್ನು ದಿನವೂ ಆಡಿಸುತ್ತಿರಬೇಕು, ಭುಜ ಎತ್ತಿ ಇಳಿಸುತ್ತಿರಬೇಕು ಎಂದರು. ಕಾಶೆವ್ವ ಆರು ವಾರವನ್ನು ಕೇಳಿಸಿಕೊಂಡಳು, ಬೆರಳನ್ನು ಕೇಳಿಸಿಕೊಳ್ಳಲಿಲ್ಲ. ಅವಳ ಮನಸ್ಸಿನಲ್ಲಿ ಪ್ಲಾಸ್ಟರ್ ಎಂದರೆ ಬಾಯಿ ಕಟ್ಟಿದ ಉಪ್ಪಿನಕಾಯಿ ಭರಣಿ. ಭರಣಿಯನ್ನು ನಡುನಡುವೆ ಅಲುಗಾಡಿಸಿದರೆ ಕಾಯಿ ಕೆಡುತ್ತದೆ. ಹಾಗಾಗಿ ಆ ಕೈಯನ್ನು ದಿಂಬಿನ ಮೇಲೆ ದೇವರಂತೆ ಕೂರಿಸಿ, ಬೆರಳೂ ಮಿಸುಕದಂತೆ ಕಾಯ್ದುಕೊಂಡಳು.

ಇನ್ನು ಕರದಂಟಿನ ವಿಷಯ. ಗೋಕಾಕದ ಸುತ್ತಮುತ್ತ ಎಲುಬು ಮುರಿದವರನ್ನು ನೋಡಲು ಬರಿಗೈಯಲ್ಲಿ ಯಾರೂ ಹೋಗುವುದಿಲ್ಲ. ಕರದಂಟಿನಲ್ಲಿ ಅಂಟು ಇದೆ, ಅಂಟು ಎಂದ ಮೇಲೆ ಎಲುಬಿಗೆ ಎಲುಬು ಅಂಟಿಸದೆ ಬಿಡುತ್ತದೆಯೇ ಎಂಬುದು ಜನರ ನಂಬಿಕೆ. ಕುಲಗೋಡದವರು ತಂದರು, ಕಲ್ಲೋಳಿಯ ಬೀಗರು ತಂದರು, ಖಾನಾವಳಿಯ ಹಳೆ ಗಿರಾಕಿಗಳು ತಂದರು. ಬಿದ್ದ ಸುದ್ದಿ ಕೇಳಿ ಆ ಕಂಡಕ್ಟರನೂ ಅರ್ಧ ಕಿಲೋ ಕೊಟ್ಟು ಕಳಿಸಿದ. ಕಾಶೆವ್ವ ಅದನ್ನು ತಿಂದು, ಬಾಕಿ ಇದ್ದ ಎರಡು ಮಾತನ್ನು ಮಾಫ್ ಮಾಡಿದಳು. ಬೆಳಿಗ್ಗೆ ಒಂದು ತುಂಡು, ಮಧ್ಯಾಹ್ನ ಒಂದು ತುಂಡು, ಬಂದವರ ಸಂಗಡ ಒಂದು ತುಂಡು. ಆರು ವಾರಕ್ಕೆ ಅವಳ ಮೈಯಲ್ಲಿ ಎಲ್ಲ ಕಡೆ ಎಲುಬು ಅಂಟಿಕೊಂಡಿರಬೇಕು; ರವಿಕೆಯ ಗುಂಡಿ ಮಾತ್ರ ಕೂಡುತ್ತಿರಲಿಲ್ಲ.

ಕೊನೆಯ ಕರದಂಟಿನ ಪೊಟ್ಟಣ ತಂದವನು ಮೂಡಲಗಿಯ ಮಾಲಿಂಗ. ಹೊಲದ ಬದುವಿನ ಸಲುವಾಗಿ ಅಣ್ಣನ ಮೇಲೆ ಹತ್ತೊಂಬತ್ತು ವರ್ಷದಿಂದ ಕೇಸು ನಡೆಸುತ್ತಿದ್ದ ಮನುಷ್ಯ. ತಾರೀಖು ಬಂದಾಗಲೆಲ್ಲ ದುಂಡಪ್ಪನಲ್ಲೇ ಊಟ. ಕೇಸು ಗೆದ್ದರೆ ಕಾಶೆವ್ವನ ರೊಟ್ಟಿ ತಪ್ಪುತ್ತದಲ್ಲ ಎಂಬುದೊಂದೇ ತನಗಿರುವ ಚಿಂತೆ ಎನ್ನುತ್ತಿದ್ದ. ಅವನು ಪೊಟ್ಟಣದ ಸಂಗಡ ಸುದ್ದಿಯೊಂದನ್ನೂ ತಂದಿದ್ದ. ದುಂಡಪ್ಪ ರೊಟ್ಟಿ ಮಾಡುವ ಮಶಿನ್ ತಂದಿದ್ದಾನೆ. ಎರಡು ಒಲೆಗಳಲ್ಲಿ ಒಂದನ್ನು ಆಗಲೇ ಕಿತ್ತಿದ್ದಾನೆ.

ರೊಟ್ಟಿ ಹೇಗೆ ಬರುತ್ತವೆ ಎಂದು ಕಾಶೆವ್ವ ಕೇಳಿದಳು.

"ದುಂಡಗ ಬರ್ತಾವ," ಎಂದ ಮಾಲಿಂಗ. ಅವಳ ಮುಖ ನೋಡಿ, "ತಿನ್ನಾಕ ಅಡ್ಡಿಯಿಲ್ಲ," ಎಂದು ಸೇರಿಸಿದ. ಅದು ಮತ್ತೂ ಕೆಟ್ಟದಾಯಿತು.

ಅವತ್ತೇ ಅವಳು ಮಾಲಾಳ ಮೊಬೈಲಿನಿಂದ ದುಂಡಪ್ಪನಿಗೆ ಫೋನು ಹಚ್ಚಿದಳು. ಅವನೇನೂ ಕಲ್ಲುಮನಸ್ಸಿನವನಲ್ಲ. ಜುಲೈ ತಿಂಗಳ ಲೋಕ ಅದಾಲತ್ ತನಕ ಕಾಯುತ್ತೇನೆ ಎಂದ. ಆ ದಿನ ರಾಜಿಗೆ ಬರುವವರಿಂದ ಕೋರ್ಟು ತುಂಬುತ್ತದೆ, ಖಾನಾವಳಿಯೂ ತುಂಬುತ್ತದೆ. ಅವನು ಚಿಗವ್ವ ಎಂದೇ ಕರೆಯುವ ಕಾಶೆವ್ವ ಅಷ್ಟರೊಳಗೆ ಬಂದು ಕೂತರೆ ಒಲೆ ಅವಳದು. ಬರದಿದ್ದರೆ ಉಳಿದ ಒಲೆಯನ್ನೂ ತೆಗೆದು ಅಲ್ಲಿ ಇನ್ನೊಂದು ಮೇಜು ಹಾಕುವವನು. ಅಷ್ಟು ಹೇಳಿ, ಕೈ ಜೋಪಾನ ಎಂದ.

ಪ್ಲಾಸ್ಟರ್ ಬಿಚ್ಚಿದ ದಿನ ಕಾಶೆವ್ವ ಒಳಗಿನಿಂದ ಹೊರಬಂದ ಕೈಯನ್ನು ನೋಡಿದಳು. ಒಣಗಿದ ಕಬ್ಬಿನ ಜಲ್ಲೆಯಂತೆ ಸಣ್ಣಗೆ, ಹೊಟ್ಟು ಹೊಟ್ಟಾಗಿ, ಬೆರಳು ಮಡಚಿದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಅವಳು ಡಾಕ್ಟರರತ್ತ ತಿರುಗಿದಳು.

"ಇದು ನನ್ನ ಕೈ ಅಲ್ರಿ ಸಾಹೇಬ್ರ. ನಾ ತಂದ ಕೈ ದಪ್ಪ ಇತ್ತು."

ಡಾಕ್ಟರು ನಗು ತಡೆದುಕೊಂಡು, ಎಲುಬು ಚೆಂದಾಗಿ ಕೂಡಿದೆ, ಉಳಿದದ್ದನ್ನು ಬಾಜೂ ಕೋಣೆಯಲ್ಲಿ ಕೇಳಿರಿ ಎಂದು ಕಳಿಸಿದರು. ಅಲ್ಲಿದ್ದವಳು ಸಾಹಿರಾ. ಹುಕ್ಕೇರಿಯಿಂದ ದಿನವೂ ಬಂದುಹೋಗುವ ಹುಡುಗಿ. ಬಿದ್ದವರಿಗೆ, ಮುರಿದುಕೊಂಡವರಿಗೆ ವ್ಯಾಯಾಮ ಮಾಡಿಸುವುದು ಅವಳ ಕೆಲಸ. ಅವಳು ಕಾಶೆವ್ವನ ಕೈಯನ್ನು ಬಿಸಿನೀರಿನಲ್ಲಿಟ್ಟು ಮೆಲ್ಲಗೆ ಬಗ್ಗಿಸುತ್ತ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದಳು. ಮುರಿದ ದಿನ ಬಂದ ಬಾವು ಶತ್ರುವಲ್ಲ, ರಿಪೇರಿಗೆ ಓಡಿ ಬಂದ ಮಂದಿ. ಅವರು ಮೊದಲು ಮುರಿದ ತುದಿಗಳ ನಡುವೆ ಮೆತ್ತನೆಯ ಗಂಟು ಕಟ್ಟುತ್ತಾರೆ, ವಾರ ಕಳೆದಂತೆ ಅದನ್ನು ಗಟ್ಟಿ ಎಲುಬು ಮಾಡುತ್ತಾರೆ, ಮುಂದೆ ತಿಂಗಳುಗಟ್ಟಲೆ ಕೆತ್ತಿ ಕೆತ್ತಿ ಮೊದಲಿನ ಆಕಾರಕ್ಕೆ ತರುತ್ತಾರೆ. ಅದಕ್ಕೆ ಬೇಕಾದ ಸಾಮಾನನ್ನು ನಾವು ಉಣ್ಣುವ ಅನ್ನ, ಬೇಳೆ, ಹಾಲಿನಿಂದಲೇ ತೆಗೆದುಕೊಳ್ಳುತ್ತಾರೆ. ಕರದಂಟಿನ ಅಂಟು ಹೊಟ್ಟೆಯಲ್ಲೇ ಕರಗುತ್ತದೆ, ಮಣಿಕಟ್ಟಿನ ತನಕ ನಡೆದು ಬರುವುದಿಲ್ಲ. ಇಷ್ಟೆಲ್ಲ ಸರಿ, ದಪ್ಪ ಎಲ್ಲಿಗೆ ಹೋಯಿತು ಎಂದು ಕಾಶೆವ್ವ ಪಟ್ಟು ಹಿಡಿದಳು.

"ಕೆಲಸ ಇಲ್ಲದ ಮಾಂಸಾನ ಮೈ ಸುಮ್ನ ಕುಂಡ್ರಿಸಿ ಉಣಸೂದಿಲ್ಲ, ಆಯಿ. ಆರು ವಾರ ನೀವು ಬೆರಳ ಸೈತ ಅಲುಗಾಡಿಸಿಲ್ಲ. ಈ ಮಂದಿ ಬ್ಯಾಡಾತು ಅಂತ ತಗದು ಹಾಕೇತಿ."

"ಹಂಗಾರ ನನ್ನ ಮೈ, ಒಲಿ ಕಿತ್ತ ದುಂಡಪ್ಪನ ತಮ್ಮ ಆತು ಬಿಡು," ಎಂದಳು ಕಾಶೆವ್ವ.

ತಗದು ಹಾಕಿದವರನ್ನು ತಿರುಗಿ ಕರೆಸುವ ದಾರಿಯೂ ಇತ್ತು. ದಿನಕ್ಕೆ ಮೂರು ಸಲ ಬಿಸಿನೀರು, ಬಟ್ಟೆಯ ಸುರುಳಿ ಹಿಂಡುವುದು, ಬೆರಳು ಬಿಚ್ಚಿ ಮಡಚುವುದು. ಎರಡು ವಾರ ಬಿಟ್ಟು ಐದು ರೊಟ್ಟಿ. ಆಮೇಲೆ ದಿನವಿಡೀ ಆ ಕೈಗೆ ಬೇರೆ ಕೆಲಸ ಬೇಡ.

ಬಿಸಿನೀರು, ಬಟ್ಟೆ ಸುರುಳಿಯನ್ನು ಕಾಶೆವ್ವ ಚಾಚೂ ತಪ್ಪದೆ ಮಾಡಿದಳು. ಆದರೆ ಐದು ರೊಟ್ಟಿ ಎಂಬ ಮಾತು ಅವಳ ಎದೆಗೆ ನಾಟಿತ್ತು. ಐದು ರೊಟ್ಟಿಗೆ ಅವಳ ಹಂಚು ಕಾಯುವುದೂ ಇಲ್ಲ. ಅದೂ ಅಲ್ಲದೆ, ಇಪ್ಪತ್ತೇಳು ವರ್ಷ ಜೋಳದ ಹಿಟ್ಟಿನ ಸಂಗಡ ಬಾಳಿದವಳಿಗೆ ಒಂದು ಮಾತು ಗೊತ್ತಿತ್ತು: ಎಸರು ಹಾಕಿ ನಾದಿದ ಜೋಳದ ಹಿಟ್ಟನ್ನು ಬಿಸಿ ಇರುವಾಗಲೇ ಬಡಿದು ಮುಗಿಸಬೇಕು. ಬಿಟ್ಟು ಕೂತರೆ ಅಂಚು ಒಡೆಯುತ್ತದೆ, ಆಮೇಲೆ ಎಷ್ಟು ನಾದಿದರೂ ಹರಿಯುತ್ತದೆ. ತನ್ನ ಕೈಯೂ ಈಗ ಬಿಸಿನೀರಿನಿಂದ ಎದ್ದ ಹಿಟ್ಟು. ಸಾಹಿರಾ ಹೇಳಿದಂತೆ ಬಿಟ್ಟು ಕೂತರೆ ಒಡೆದೇ ಹೋಗುತ್ತದೆ. ಆ ಹುಡುಗಿ ಎಲುಬು ಬಲ್ಲವಳು, ಹಿಟ್ಟು ಬಲ್ಲವಳಲ್ಲ ಎಂದು ತೀರ್ಮಾನಿಸಿ, ಮಾಲಾ ಸಂತೆಗೆ ಹೋದ ದಿನ ದೊಡ್ಡ ಪರಾತದ ತುಂಬ ಹಿಟ್ಟು ನಾದಿ ಒಲೆಯ ಮುಂದೆ ಕೂತಳು.

ಮೂವತ್ತು ರೊಟ್ಟಿಯ ತನಕ ಹಳೆಯ ಸಪ್ಪಳವೇ ಬಂತು. ಕಣ್ಣು ತುಂಬಿಕೊಂಡಿತು. ಅರವತ್ತಕ್ಕೆ ಬೆರಳು ಯಾರವೋ ಆದವು. ಎಂಬತ್ತಕ್ಕೆ ಹಲ್ಲು ಕಚ್ಚಿದಳು. ನೂರಕ್ಕೆ ಎದ್ದು, ಗೆದ್ದೆ ಎಂದುಕೊಂಡು ಮಲಗಿದಳು. ಮಾಲಾ ಸಂತೆಯಿಂದ ಬಂದು ನೋಡಿದರೆ ಮೂರೇ ಜನರ ಮನೆಯಲ್ಲಿ ಬುಟ್ಟಿ ತುಂಬ ರೊಟ್ಟಿ. ಯಾರಿಗೆ ಇಷ್ಟು ಎಂದು ಕೇಳಿದ್ದಕ್ಕೆ ಅತ್ತೆ, ಬಿಸಿಲಿಗಿಟ್ಟು ಕಟಕ ರೊಟ್ಟಿ ಮಾಡಿದರಾಯಿತು ಎಂದು ಗೋಡೆಯ ಕಡೆ ಹೊರಳಿದಳು.

ಮರುದಿನ ಅತ್ತೆ ಎಡಗೈಯಲ್ಲಿ ಊಟಕ್ಕೆ ಕೂತದ್ದನ್ನು ಕಂಡು ಮಾಲಾ ಸೆರಗು ಸರಿಸಿ ನೋಡಿದಳು. ಮಣಿಕಟ್ಟು ದೊಡ್ಡ ಬದನೆಕಾಯಿಯಷ್ಟು ಉಬ್ಬಿತ್ತು.

ಮಾಲಾ ದವಾಖಾನೆಗೆ ಕರೆದೊಯ್ದಾಗ ಸಾಹಿರಾ ಬೈಯಲಿಲ್ಲ. ಕಾಶೆವ್ವನಿಗೆ ಬೈಗುಳವಾಗಿದ್ದರೆ ಸುಲಭವಿತ್ತು. ಬೈಗುಳಕ್ಕೆ ಉತ್ತರ ಅವಳ ಹತ್ತಿರ ಯಾವಾಗಲೂ ಸಿದ್ಧವಿರುತ್ತದೆ. ಎಲುಬು ಮತ್ತೆ ಅಲುಗಿಲ್ಲ, ಪುಣ್ಯ, ಆದರೆ ಎರಡು ವಾರ ಹಿಂದೆ ಹೋದಿರಿ ಎಂದಷ್ಟೇ ಹೇಳಿ, ಪಟ್ಟಿ ಸುತ್ತುತ್ತ ಅವಳು ಹೋಳಿಗೆಯ ಮಾತು ತೆಗೆದಳು.

"ಆಯಿ, ಹೋಳಿಗಿಗೆ ಕಣಕ ನಾದಿದ ಮ್ಯಾಲ ಏನ ಮಾಡ್ತೀರಿ?"

"ಒದ್ದಿ ಅರಿವಿ ಮುಚ್ಚಿ ಇಡ್ತೇನಿ."

"ಮುಚ್ಚಿಟ್ಟಾಗ ಅದಕ್ಕ ನೀವೇನ ಮಾಡ್ತೀರಿ?"

"ನಾ ಏನ ಮಾಡಲಿ? ಅದು ತಾನ ಹದಕ್ಕ ಬರ್ತೈತಿ. ಬಿಡದ ಲಟ್ಟಿಸಿದ್ರ ಹರದು ಹೂರಣ ಹೊರಗ."

ಅಷ್ಟು ಹೇಳಿ ಕಾಶೆವ್ವ ತನ್ನ ಬದನೆಕಾಯಿಯನ್ನು ನೋಡಿದಳು. ಸಾಹಿರಾ ಮುಂದುವರಿಸಿದಳು. ದುಡಿದಾಗ ಮಾಂಸದ ಎಳೆಗಳು ಅಲ್ಲಲ್ಲಿ ಸಣ್ಣಗೆ ಹರಿಯುತ್ತವೆ. ಅದು ಕೆಟ್ಟದ್ದಲ್ಲ, ಹರಿದಲ್ಲೇ ಮೈ ಮೊದಲಿಗಿಂತ ಒಂದು ಎಳೆ ಗಟ್ಟಿ ಹೊಲಿಯುತ್ತದೆ. ಆದರೆ ಹೊಲಿಯುವುದು ದುಡಿಯುವಾಗ ಅಲ್ಲ. ಕೂತಾಗ, ಉಂಡಾಗ, ಮಲಗಿದಾಗ. ಹೊಲಿಯುವ ಮೊದಲೇ ಮತ್ತೆ ಜಗ್ಗಿದರೆ ಹರಿದದ್ದು ಹರಿದೇ ಉಳಿಯುತ್ತದೆ.

ಕಾಶೆವ್ವ ಒಪ್ಪಿಕೊಳ್ಳುವ ಮನುಷ್ಯಳಲ್ಲ. ಅವತ್ತು ಮಾತ್ರ ಒಪ್ಪಿದಳು. "ನಾ ಮೈಯನ್ನ ಜ್ವಾಳದ ಹಿಟ್ಟು ಅಂತ ತಿಳಕೊಂಡಿದ್ನೆವ್ವಾ. ಅದು ಕಣಕ ಐತಿ."

ಅಂದಿನಿಂದ ಅವಳು ದುಡಿದಷ್ಟೇ ಹಟದಿಂದ ವಿಶ್ರಾಂತಿ ಮಾಡತೊಡಗಿದಳು. ಬಾವು ಇಳಿದ ಮೇಲೆ ಐದು ರೊಟ್ಟಿ, ವಾರ ಬಿಟ್ಟು ಎಂಟು, ಆಮೇಲೆ ಹದಿನೈದು. ಎಣಿಕೆಗೆ ಪಕ್ಕದಲ್ಲಿ ಹುಣಸೆ ಬೀಜ. ಬೀಜ ಮುಗಿದೊಡನೆ ಕೈ ತೊಳೆದು, ಒದ್ದೆ ಬಟ್ಟೆ ಮುಚ್ಚಿ, ಕಟ್ಟೆಯ ಮೇಲೆ ಕೂತುಬಿಡುವಳು. ಒದ್ದೆ ಬಟ್ಟೆಯನ್ನು ಸಾಹಿರಾ ಹೇಳಿರಲಿಲ್ಲ. ಅದು ಕಾಶೆವ್ವನದೇ ಸೇರ್ಪಡೆ. ನೆರೆಮನೆಯವಳು ಎಮ್ಮೆಯ ಹಗ್ಗ ಒಂದು ಗಳಿಗೆ ಹಿಡಿ ಎಂದರೆ, ಕೈ ಹದಕ್ಕೆ ಬಿಟ್ಟಿದ್ದೇನೆ ಎನ್ನುವಳು. ಮೊದಲ ವಾರ ಮಾಲಾಳಿಗೆ ಸಂತೋಷವಾಯಿತು. ಎರಡನೆಯ ವಾರ, ಜರಡಿ ಹಿಡಿಯುವುದಕ್ಕೂ, ಸೊಪ್ಪು ಸೋಸುವುದಕ್ಕೂ, ಕೊನೆಗೆ ಟಿವಿಯ ರಿಮೋಟ್ ಒತ್ತುವುದಕ್ಕೂ ಕೈ ಹದಕ್ಕೆ ಬಿಟ್ಟಿರುವುದನ್ನು ಕಂಡು, ಈ ಕಣಕ ಎಡಗೈಗೂ ಹಬ್ಬಿದೆಯೇನು ಎಂದು ಸೊಸೆ ಗಂಡನ ಮುಂದೆ ಗೊಣಗಿದಳು. ಕಾಶೆವ್ವನಿಗೆ ಕೇಳಿಸಿತು. ಕಿವಿಯನ್ನೂ ಹದಕ್ಕೆ ಬಿಟ್ಟಳು.

ಜುಲೈ ಹೊತ್ತಿಗೆ ಲೆಕ್ಕ ನಲವತ್ತಕ್ಕೆ ಬಂದಿತ್ತು. ಒಂದು ಸಲಕ್ಕೆ ನಲವತ್ತು, ಅರ್ಧ ತಾಸು ಸುಮ್ಮನೆ, ಮತ್ತೆ ನಲವತ್ತು. ಲೋಕ ಅದಾಲತ್ತಿನ ಹಿಂದಿನ ದಿನ ಸಾಹಿರಾ ಅವಳ ಹಿಡಿತ ನೋಡಿ ತಲೆಯಾಡಿಸಿದಳು. ಆದರೆ ನಲವತ್ತೊಂದನೆಯದನ್ನು ಬಡಿದರೆ ಮತ್ತೆ ತನ್ನ ಬಾಗಿಲಿಗೆ ಬರಬೇಡಿ ಎಂದು ಬೆರಳು ಎತ್ತಿ ಹೇಳಿದಳು.

ಅದಾಲತ್ತಿನ ಶನಿವಾರ ಕಾಶೆವ್ವ ಮೊದಲ ಬಸ್ಸಿಗೇ ಬಂದಳು. ಇಳಿಯುವಾಗ ಕಂಡಕ್ಟರನ ಕಡೆ ತಿರುಗಿಯೂ ನೋಡಲಿಲ್ಲ. ಖಾನಾವಳಿಯಲ್ಲಿ ಮಶಿನ್ ಬೆಳಗಿನ ಆರಕ್ಕೇ ಸುರುವಾಗಿತ್ತು. ದುಂಡಪ್ಪ ಅವಳನ್ನು ಕಂಡು ಕಾಲಿಗೆ ನಮಸ್ಕರಿಸಿ, ಚಹಾ ತರಿಸಿ, ನೀ ಕೂತು ನೋಡುತ್ತಿರು ಎಂದ. ಅವಳು ಕೂತಳು. ಒಂದೇ ಅಳತೆಯ ರೊಟ್ಟಿಗಳು ಸಾಲಿಯ ಮಕ್ಕಳಂತೆ ಸಾಲಾಗಿ ಹೊರಬರುತ್ತಿದ್ದವು. ದುಂಡಗಿದ್ದವು, ಅಡ್ಡಿಯಿಲ್ಲ. ನಡುನಡುವೆ ನಿಲ್ಲಿಸುವುದಿಲ್ಲವೇ ಎಂದು ಕೇಳಿದಳು. ಮಶಿನ್‌ಗೆ ಎಂಥ ದಣಿವು ಎಂದು ಅವನು ನಕ್ಕ.

ಹನ್ನೆರಡೂವರೆಗೆ ಕೋರ್ಟಿನಿಂದ ಮಂದಿ ಹೊರಬಿದ್ದರು. ರಾಜಿಯಾದವರಿಗೆ ಹಸಿವೆ ಹೆಚ್ಚು. ಹತ್ತೊಂಬತ್ತು ವರ್ಷ ಮುಖ ನೋಡದ ಮಾಲಿಂಗ ಮತ್ತು ಅವನ ಅಣ್ಣ ಬಾಳೇಶ ಒಂದೇ ಬೆಂಚಿನ ಎರಡು ತುದಿಗೆ ಕೂತಿದ್ದರು; ಬದುವಿನ ಬಗ್ಗೆ ಸಾಹೇಬರ ಮುಂದೆ ಹೂಂ ಎಂದಿದ್ದರು, ಆದರೆ ಒಬ್ಬರಿಗೊಬ್ಬರು ಇನ್ನೂ ಏನೂ ಎಂದಿರಲಿಲ್ಲ. ಆಗಲೇ ಒಳಗೆ ಸುಟ್ಟ ವಾಸನೆ ಬಂತು. ಮಶಿನ್ ಒಮ್ಮೆ ನರಳಿ ನಿಂತಿತು. ದುಂಡಪ್ಪ ಗುಂಡಿ ಒತ್ತಿದ, ಬಡಿದ, ದೇವರ ಹೆಸರು ಹೇಳಿದ. ಆಮೇಲೆ ಒಲೆಯ ಕಡೆ ತಿರುಗಿದ. ಒಲೆಯಲ್ಲಿ ಆಗಲೇ ಉರಿ ಎದ್ದಿತ್ತು.

ಸಪ್ಪಳ ಸುರುವಾದೊಡನೆ ಹೊರಗಿನ ಗದ್ದಲ ಇಳಿಯಿತು. ಮಾಲಿಂಗ ಲೋಟವನ್ನು ಅರ್ಧಕ್ಕೇ ಹಿಡಿದು ಕೇಳಿಸಿಕೊಂಡ. ಹತ್ತು, ಇಪ್ಪತ್ತು, ಮೂವತ್ತು. ಬಡಿಸುವವರ ಕಾಲಿಗೆ ಜೀವ ಬಂತು. ದುಂಡಪ್ಪನ ಮುಖದಲ್ಲಿ ಬೆವರಿನ ಸಂಗಡ ನಗೆಯೂ ಇಳಿಯಿತು. ಕೊನೆಯ ಹುಣಸೆ ಬೀಜ ಬಟ್ಟಲಿಗೆ ಬಿತ್ತು. ಕಾಶೆವ್ವ ಎದ್ದಳು, ಕೈ ತೊಳೆದಳು, ಒದ್ದೆ ಬಟ್ಟೆ ಮುಚ್ಚಿಕೊಂಡು ಬೋರಲು ಹಾಕಿದ ಎಣ್ಣೆ ಡಬ್ಬಿಯ ಮೇಲೆ ಕೂತಳು.

ಹೊರಗೆ ಎಂಬತ್ತು ಜನ. ದುಂಡಪ್ಪ ಬೇಡಿಕೊಂಡ. ಹತ್ತೇ ಹತ್ತು ಎಂದ. ಅಪ್ಪನ ಹೆಸರು ತೆಗೆದ. ಒಲೆ ನಿನ್ನದೇ, ಬರೆದುಕೊಡುತ್ತೇನೆ ಎಂದ. ಕಾಶೆವ್ವನ ಬಟ್ಟೆಯ ಕೆಳಗೆ ಬೆರಳುಗಳು ತಾವಾಗಿ ಮಿಡಿಯುತ್ತಿದ್ದವು. ಎದುರಿಗೆ ಪರಾತದಲ್ಲಿ ಹಿಟ್ಟಿನ ಅಂಚು ಒಡೆಯುವುದು ಕಾಣುತ್ತಿತ್ತು. ಇಪ್ಪತ್ತೇಳು ವರ್ಷದಲ್ಲಿ ಅಂಥದೊಂದನ್ನು ಅವಳು ಕಣ್ಣೆದುರು ಆಗಗೊಟ್ಟಿರಲಿಲ್ಲ. ಮುನ್ನೂರು ಬಡಿಯುವುದು ಅವಳಿಗೆ ಎಂದೂ ಕಷ್ಟವಾಗಿರಲಿಲ್ಲ. ಈ ಡಬ್ಬಿಯ ಮೇಲೆ ಕೂತಿರುವಷ್ಟು ಕಷ್ಟ ಅವಳು ಯಾವ ಒಲೆಯ ಮುಂದೆಯೂ ಪಟ್ಟಿರಲಿಲ್ಲ.

"ಹಿಟ್ಟಿಗೆ ನೀರ ಚಿಮಕಿಸೋ ತಮ್ಮಾ. ಅದು ಒಡೀತೈತಿ. ನಾ ಇವತ್ತ ಒಡಿಯೂದಿಲ್ಲ," ಎಂದಳು. "ಅರ್ಧ ತಾಸು. ಅಲ್ಲೀತನಕಾ ನೀ ಬಡಿ."

"ನನಗ ಬರೂದಿಲ್ಲ ಚಿಗವ್ವಾ."

"ಇಪ್ಪತ್ತೇಳು ವರ್ಷ ನೋಡಿಯಲ್ಲ. ಕುಂಡ್ರು."

ದುಂಡಪ್ಪ ಅಂಗಿಯ ತೋಳು ಮಡಚಿ ಕೂತ. ಕಾಶೆವ್ವ ಡಬ್ಬಿಯ ಮೇಲಿಂದಲೇ ಹೇಳಿದಂತೆ ಬಡಿದ. ಹೊರಗೆ ಬಂದ ಸಪ್ಪಳ ಕೇಳಿ ಯಾರೋ ಬಟ್ಟೆ ಒಗೆಯುತ್ತಿದ್ದಾರೆಂದು ವಕೀಲರೊಬ್ಬರು ತಿಳಿದರು. ಮೊದಲ ರೊಟ್ಟಿ ಒಂದು ಕಡೆ ಉದ್ದ, ಒಂದು ಕಡೆ ಮೂಲೆ, ನಡುವೆ ಒಂದು ಬಿರುಕು. ಅದು ಮಾಲಿಂಗನ ತಾಟಿಗೆ ಬಂತು. ಅವನು ಬಹಳ ಹೊತ್ತು ಅದನ್ನು ನೋಡಿದ, ತಿರುಗಿಸಿ ನೋಡಿದ, ಆಮೇಲೆ ತಾಟನ್ನು ಬೆಂಚಿನ ಮೇಲೆ ಸರಿಸುತ್ತ ಅಣ್ಣನ ಹತ್ತಿರಕ್ಕೆ ಹೋದ.

"ಇದು ನಮ್ಮ ಹೊಲದ ನಕಾಶಿ ಅಲ್ಲೇನಣ್ಣಾ? ನೋಡು, ಬದು ಇಲ್ಲೇ ಬರ್ತೈತಿ."

ಬಾಳೇಶ ಕನ್ನಡಕ ಏರಿಸಿ ನೋಡಿ, ಬದು ಇನ್ನೂ ಒಂದು ಬೆರಳು ಆಚೆ ಎಂದ. ಆಮೇಲೆ ತಾನೇ ನಕ್ಕು, ಬಿರುಕಿನ ಗುಂಟ ರೊಟ್ಟಿ ಮುರಿದು, ದೊಡ್ಡ ತುಂಡನ್ನು ತಮ್ಮನ ಕಡೆ ಇಟ್ಟ.

ಅರ್ಧ ತಾಸಿಗೆ ಕಾಶೆವ್ವ ಎದ್ದಳು. ಮತ್ತೆ ನಲವತ್ತು. ಮತ್ತೆ ಡಬ್ಬಿ. ಇಳಿಹೊತ್ತಿಗೆ ನಾಲ್ಕು ಸಲ ಎದ್ದು ಕೂತು ಎಲ್ಲರನ್ನೂ ಉಣ್ಣಿಸಿದ್ದಳು. ನಡುನಡುವೆ ದುಂಡಪ್ಪನ ನಕಾಶೆಗಳೂ ಖರ್ಚಾದವು; ಹಸಿದವರು ಆಕಾರ ನೋಡಲಿಲ್ಲ. ಬಸ್ಸಿಗೆ ಹೋಗುವಾಗ ಅವಳು ಬಲಗೈಯನ್ನು ಎಡಗೈಯಿಂದ ಒತ್ತಿ ನೋಡಿಕೊಂಡಳು. ನೋವಿತ್ತು, ಬಾವು ಇರಲಿಲ್ಲ. ದುಂಡಪ್ಪನ ಕೈ ಮಾತ್ರ ಮರುದಿನ ಬದನೆಕಾಯಿಯಾಯಿತು.

ಸೋಮವಾರ ಮಶಿನ್ ರಿಪೇರಿಯ ಖಲೀಲ ಬಂದು ಬಿಚ್ಚಿ ನೋಡಿ, ಮೋಟರ್ ಸುಟ್ಟಿದೆ, ಬೆಳಗಾವಿಗೆ ಒಯ್ಯಬೇಕು ಎಂದ. ಕಾಶೆವ್ವ ಬಾಗಿ ನೋಡಿದಳು. ಪಟ್ಟಿ ಕಟ್ಟಿ ಆರು ವಾರ ಬಿಟ್ಟರೆ ಕೂಡುವುದಿಲ್ಲವೇ ಎಂದು ವಿಚಾರಿಸಿದಳು.

"ತಾನ ಕೂಡಾಕ ಅದರಾಗ ಜೀವ ಎಲ್ಲೈತಿ ಕಾಕೀ?" ಎಂದ ಖಲೀಲ. ಒಮ್ಮೆ ಸುಟ್ಟ ತಂತಿ ಸುಟ್ಟಂತೆಯೇ, ಹೊಸದು ಸುತ್ತಬೇಕು. ಇನ್ನು ಮುಂದೆಯಾದರೂ ತಾಸಿಗೊಮ್ಮೆ ನಿಲ್ಲಿಸಿ ತಣ್ಣಗಾಗಗೊಡಿ ಎಂದು ಅವನು ದುಂಡಪ್ಪನಿಗೆ ಹೇಳುವಾಗ, ಕಾಶೆವ್ವ ಕೇಳಿಸಿಕೊಳ್ಳದವಳಂತೆ ಹಿಟ್ಟು ಸೋಸುತ್ತಿದ್ದಳು.

ಈಗ ಅಲ್ಲಿ ಎರಡೂ ಇವೆ. ಮಶಿನ್ ತಣ್ಣಗಾಗುವಾಗ ಕಾಶೆವ್ವ ಬಡಿಯುತ್ತಾಳೆ. ಕಾಶೆವ್ವ ಹದಕ್ಕೆ ಬಿಟ್ಟಾಗ ಮಶಿನ್ ತಿರುಗುತ್ತದೆ. ಒಲೆಯ ಬಾಜೂ ಗೂಟದಲ್ಲಿ ಅವಳ ಒದ್ದೆ ಬಟ್ಟೆ ತೂಗುತ್ತದೆ, ಅದನ್ನು ಬೇರೆ ಯಾರೂ ಮುಟ್ಟುವುದಿಲ್ಲ. ಸಪ್ಪಳ ನಿಂತರೆ ಬಡಿಸುವವರು ಈಗ ಬಾಜೂ ಸರಿಯುವುದಿಲ್ಲ. ನಲವತ್ತು ಮುಗಿಯಿತು ಎಂದು ಗಿರಾಕಿಗಳಿಗೂ ಗೊತ್ತು. ಅವರಲ್ಲಿ ಕೆಲವರು ಮಶಿನ್ ರೊಟ್ಟಿಗೆ ಕೈಯೊಡ್ಡದೆ, ಖಾಲಿ ತಾಟಿನ ಮುಂದೆ ಅರ್ಧ ತಾಸು ಕಾಯುತ್ತಾರೆ. ಕೇಸು ಮುಗಿದ ಮೇಲೂ ಹಳೆಯ ತಾರೀಖಿನ ದಿನಕ್ಕೆ ಸರಿಯಾಗಿ ಮೂಡಲಗಿಯಿಂದ ಬರುವ ಮಾಲಿಂಗ ಅವರಲ್ಲೊಬ್ಬ. ಈಗ ಅಣ್ಣನನ್ನೂ ಕರೆತರುತ್ತಾನೆ.